ಅಧಿವೇಶನಕ್ಕೆ ಮೊದಲೇ ಅರ್ಜಿ



ನಾವು ಅರಕೇರಿಯ ಕಲಿಕಾ ಕೇಂದ್ರದವರು. ದಿನಾ ಸಂಜೆ ಸೇರುತ್ತೇವೆ. ರೊಟ್ಟಿ ಬಡಿದು, ದನಕ್ಕೆ ಮೇವು ಹಾಕಿ, ಮಕ್ಕಳಿಗೆ ಉಣ್ಣಲು ಕೊಟ್ಟು ಬರುತ್ತೇವೆ. ಅಕ್ಷರ ಕೂಡಿಸಿ ಓದುವುದು ಈಗ ನಮಗೆ ರೂಢಿಯಾಗಿದೆ.

ಒಂದು ಸಂಜೆ ಒಬ್ಬ ಅಕ್ಕ ಕೇಳಿದಳು.

"ಅಕ್ಕಾರ, ಸೋಮವಾರದಿಂದ ಅಧಿವೇಶನ ಅಂತ ಟಿ.ವಿ.ಯೊಳಗ ಹೇಳಿದ್ರು. ಎಮ್ಮೆಲ್ಲೆ ಸಾಹೇಬ್ರು ಎಲ್ಲಾರೂ ಅಲ್ಲಿಗೆ ಹೋಗತಾರಂತ. ಹೋಗಿ ಏನ್ ಮಾಡತಾರ್ರಿ?"

"ಏನ್ ಮಾಡತಾರ? ಜಗಳಾ ಮಾಡತಾರ. ಟಿ.ವಿ.ಯೊಳಗ ನೋಡಿಲ್ಲೇನು?" ಎಂದಳು ಒಬ್ಬ ತಂಗಿ. ನಾವೆಲ್ಲ ನಕ್ಕೆವು.

ತೋಟದ ವಸ್ತಿಯಿಂದ ಬರುವ ಆಯಿ ಮಾತ್ರ ನಗಲಿಲ್ಲ. ಆಕೆ ಹೇಳಿದಳು.

"ನಗಬ್ಯಾಡ್ರೆವಾ. ನಾಕು ವರ್ಷದ ಹಿಂದ ನಮ್ಮ ವಸ್ತಿಗೆ ಒಬ್ಬರು ಕಾಗದ ತಗೊಂಡು ಬಂದ್ರು. ನಿಮ್ಮ ವಸ್ತಿಗೆ ನಳಾ ಹಾಕಸ್ತೀವಿ, ಅಧಿವೇಶನದಾಗ ಹೇಳಸ್ತೀವಿ, ಹೆಬ್ಬಟ್ಟು ಒತ್ರಿ ಅಂದ್ರು. ನಾವು ಹೆಣ್ಮಕ್ಕಳು ಎಲ್ಲಾರೂ ಒತ್ತಿದ್ವಿ. ನಳಾ ಬರಲಿಲ್ಲ. ಒಂದಿನ ನನ್ನ ಮೊಮ್ಮಗಳು ಆ ಕಾಗದದ ಝೆರಾಕ್ಸ್ ಓದಿದ್ಲು. ಅದರಾಗ ಯಾರದೋ ಹೊಲಕ್ಕ ರಸ್ತೆ ಮಾಡ್ರಿ ಅಂತ ಇತ್ತು. ನೀರು ಅನ್ನೂ ಮಾತು ಒಂದೂ ಇರಲಿಲ್ಲ. ಕೆಳಗ ನಮ್ಮವೇ ಹೆಬ್ಬಟ್ಟು."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಯಿ ಅಂದಳು: "ಅದಕ್ಕ ನಾನು ಈ ವಯಸ್ಸಿನಾಗ ಪಾಟಿ ಹಿಡಿದೀನಿ."

ಆ ದಿನ ನಾವು ಒಂದು ಮಾತು ನಿಶ್ಚಯ ಮಾಡಿದೆವು. ಅಧಿವೇಶನ ಅಂದರೆ ಏನು ಎಂದು ಪೂರ್ತಿ ತಿಳಿದುಕೊಳ್ಳಬೇಕು. ತಿಳಿದ ಮೇಲೆ ನಮ್ಮ ಅರ್ಜಿ ನಾವೇ ಬರೆಯಬೇಕು. ತಿಳಿದುಕೊಂಡದ್ದನ್ನು ಇಲ್ಲಿ ನಿಮಗೂ ಹೇಳುತ್ತೇವೆ.

ಶಾಸಕರು ಅಂದರೆ ಯಾರು?

ನಾವು ಎಮ್ಮೆಲ್ಲೆ ಅನ್ನುತ್ತೇವೆ. ಕನ್ನಡದಲ್ಲಿ ಶಾಸಕರು ಅನ್ನುತ್ತಾರೆ. ಶಾಸನ ಅಂದರೆ ಕಾನೂನು. ಕಾನೂನು ಮಾಡುವ ಸಭೆಗೆ ನಾವು ಆರಿಸಿ ಕಳಿಸಿದವರು ಶಾಸಕರು.

ಕರ್ನಾಟಕವನ್ನು 224 ಕ್ಷೇತ್ರಗಳಾಗಿ ಭಾಗ ಮಾಡಿದ್ದಾರೆ. ಒಂದು ಕ್ಷೇತ್ರಕ್ಕೆ ಒಬ್ಬರು ಶಾಸಕರು. ನಮ್ಮ ವಿಜಯಪುರ ಜಿಲ್ಲೆಯಲ್ಲಿ 8 ಕ್ಷೇತ್ರಗಳು ಇವೆ. ಮುದ್ದೇಬಿಹಾಳ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಬಬಲೇಶ್ವರ, ವಿಜಯಪುರ ನಗರ, ನಾಗಠಾಣ, ಇಂಡಿ ಮತ್ತು ಸಿಂದಗಿ. ನಾಗಠಾಣ ಕ್ಷೇತ್ರ ಪರಿಶಿಷ್ಟ ಜಾತಿಯವರಿಗೆ ಮೀಸಲು.

ನಿಮ್ಮದು ಯಾವ ಕ್ಷೇತ್ರ? ತಾಲೂಕು ಬೇರೆ, ಕ್ಷೇತ್ರ ಬೇರೆ. ತಾಲೂಕಿನ ಹೆಸರು ನೋಡಿ ಕ್ಷೇತ್ರ ಹೇಳಬೇಡಿರಿ. ಮತದಾರರ ಪಟ್ಟಿಯಲ್ಲಿ ಕ್ಷೇತ್ರದ ಹೆಸರು ಇರುತ್ತದೆ. ಅದನ್ನು ನೀವೇ ಓದಿರಿ. ಅರ್ಜಿ ಬರೆಯುವಾಗ ಆ ಹೆಸರು ಬೇಕು.

ಶಾಸಕರಾಗಲು 25 ವರ್ಷ ತುಂಬಿರಬೇಕು. ವಿಧಾನಸಭೆಯ ಅವಧಿ 5 ವರ್ಷ. 224 ಶಾಸಕರು ಕೂಡುವ ಸಭೆಗೆ ವಿಧಾನಸಭೆ ಎಂದು ಹೆಸರು.

ಇನ್ನೊಂದು ಸಭೆಯೂ ಇದೆ. ಅದು ವಿಧಾನ ಪರಿಷತ್ತು. ಅದರಲ್ಲಿ 75 ಜನ ಸದಸ್ಯರು. ಅವರಿಗೆ ನಾವು ನೇರವಾಗಿ ಓಟು ಹಾಕುವುದಿಲ್ಲ. ಕೆಲವರನ್ನು ಶಾಸಕರು ಆರಿಸುತ್ತಾರೆ. ಕೆಲವರನ್ನು ಪಂಚಾಯಿತಿಯಂಥ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಪದವಿ ಓದಿದವರು, ಶಿಕ್ಷಕರು ಕೆಲವರನ್ನು ಆರಿಸುತ್ತಾರೆ. ಇನ್ನು ಕೆಲವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಈ ಎರಡೂ ಸಭೆಗಳನ್ನು ಕೂಡಿಸಿ ವಿಧಾನಮಂಡಲ ಅನ್ನುತ್ತಾರೆ.

ಅಧಿವೇಶನ ಅಂದರೆ ಏನು?

ಅಮೋಘಸಿದ್ಧನ ಜಾತ್ರೆ ನಮಗೆಲ್ಲ ಗೊತ್ತು. ಜಾತ್ರೆ ದಿನಾ ನಡೆಯುವುದಿಲ್ಲ. ಅದಕ್ಕೆ ದಿನ ಗೊತ್ತಾಗಿರುತ್ತದೆ. ಡೊಳ್ಳಿನವರು, ಪಲ್ಲಕ್ಕಿಯವರು ಮೊದಲೇ ಸಜ್ಜಾಗುತ್ತಾರೆ.

ವಿಧಾನಸಭೆಯೂ ದಿನಾ ಕೂಡುವುದಿಲ್ಲ. ವರ್ಷದಲ್ಲಿ ಕೆಲವು ಸಲ, ಕೆಲವು ದಿನ ಕೂಡುತ್ತದೆ. ಹಾಗೆ ಕೂಡುವ ಅವಧಿಗೆ ಅಧಿವೇಶನ ಎಂದು ಹೆಸರು. ಅಧಿವೇಶನವನ್ನು ರಾಜ್ಯಪಾಲರು ಕರೆಯುತ್ತಾರೆ. ಮಂತ್ರಿಮಂಡಲದ ಸಲಹೆಯಂತೆ ಕರೆಯುತ್ತಾರೆ.

ಸರಕಾರಕ್ಕೆ ಬೇಕಾದಾಗ ಕರೆದು, ಬೇಡವಾದಾಗ ಸುಮ್ಮನಿರಲು ಬರುವುದಿಲ್ಲ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ 6 ತಿಂಗಳು ಆಗಬಾರದು. ಇದು ನಮ್ಮ ಸಂವಿಧಾನದ ಮಾತು.

ಅಧಿವೇಶನ ನಡೆಯುವುದು ಬೆಂಗಳೂರಿನ ವಿಧಾನಸೌಧದಲ್ಲಿ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದಾಗ ಅದನ್ನು ಕಟ್ಟಿಸಿದರು. 1956ರಲ್ಲಿ ಅದು ಪೂರ್ಣವಾಯಿತು. ಅದರ ಮುಂಭಾಗದ ಮೇಲೆ ದೊಡ್ಡ ಅಕ್ಷರದಲ್ಲಿ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆದಿದೆ. ಮೊದಲು ನಾವು ಅದನ್ನು ಚಿತ್ರದಲ್ಲಿ ನೋಡಿದ್ದೆವು. ಈಗ ಅದೇ ಚಿತ್ರ ನೋಡಿ ಓದುತ್ತೇವೆ.

ಬೆಂಗಳೂರು ನಮಗೆ ದೂರ. ವಿಜಯಪುರದಿಂದ 500 ಕಿಲೋಮೀಟರಿಗಿಂತ ಹೆಚ್ಚು. ಅದಕ್ಕೆ ಉತ್ತರ ಕರ್ನಾಟಕದ ಮಾತು ಇಲ್ಲಿಯೇ ನಡೆಯಲಿ ಎಂದು ಬೆಳಗಾವಿಯಲ್ಲಿಯೂ ಅಧಿವೇಶನ ಮಾಡುತ್ತಾರೆ. ಮೊದಲ ಸಲ 2006ರಲ್ಲಿ ಮಾಡಿದರು. ಆಮೇಲೆ ಅಲ್ಲಿ ಸುವರ್ಣ ವಿಧಾನಸೌಧ ಕಟ್ಟಿದರು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ಉದ್ಘಾಟನೆ ಮಾಡಿದರು. 2023ರ ಚಳಿಗಾಲದ ಅಧಿವೇಶನ ಡಿಸೆಂಬರ್ 4ರಂದು ಅಲ್ಲಿಯೇ ಶುರುವಾಯಿತು.

ಮೊದಲ ಕೆಲಸ: ಪ್ರಮಾಣ ವಚನ

2023ರ ಮಾತು ತೆಗೆದುಕೊಳ್ಳೋಣ. ಮೇ 10ರಂದು ನಾವು ಓಟು ಹಾಕಿದೆವು. ಮೇ 13ರಂದು ಎಣಿಕೆ ಆಯಿತು. ಮೇ 22ರಂದು ಹೊಸ ವಿಧಾನಸಭೆ ಮೊದಲ ಸಲ ಕೂಡಿತು. ಅದು ಕರ್ನಾಟಕದ 16ನೇ ವಿಧಾನಸಭೆ.

ಓಟಿನಲ್ಲಿ ಗೆದ್ದ ಕೂಡಲೇ ಸಭೆಯಲ್ಲಿ ಕೂಡಲು ಬರುವುದಿಲ್ಲ. ಮೊದಲು ಪ್ರಮಾಣ ವಚನ ತೆಗೆದುಕೊಳ್ಳಬೇಕು. ಅಂದರೆ ಆಣೆ ಮಾಡಬೇಕು. ಸಂವಿಧಾನಕ್ಕೆ ನಿಷ್ಠೆಯಿಂದ ಇರುತ್ತೇನೆ, ದೇಶದ ಏಕತೆ ಕಾಯುತ್ತೇನೆ, ನನ್ನ ಕರ್ತವ್ಯ ಸರಿಯಾಗಿ ಮಾಡುತ್ತೇನೆ ಎಂದು ಹೇಳಬೇಕು. ದೇವರ ಹೆಸರಿನಲ್ಲಿ ಹೇಳಬಹುದು. ದೇವರ ಹೆಸರು ಹೇಳದೆ ಸತ್ಯನಿಷ್ಠೆಯಿಂದ ಎಂದೂ ಹೇಳಬಹುದು.

ಪ್ರಮಾಣ ಮಾಡದೆ ಸಭೆಯಲ್ಲಿ ಕೂತರೆ ಏನಾಗುತ್ತದೆ? ದಿನಕ್ಕೆ 500 ರೂಪಾಯಿ ದಂಡ. ಇದನ್ನೂ ಸಂವಿಧಾನದಲ್ಲಿಯೇ ಬರೆದಿದ್ದಾರೆ. ಆಣೆ ಮಾಡದವರಿಗೆ ನಮ್ಮ ಪರವಾಗಿ ಮಾತಾಡುವ ಹಕ್ಕು ಇಲ್ಲ ಎಂಬುದು ಅದರ ಅರ್ಥ.

ಆಗ ಆರ್.ವಿ. ದೇಶಪಾಂಡೆಯವರು ಹಂಗಾಮಿ ಸಭಾಧ್ಯಕ್ಷರಾಗಿದ್ದರು. ಹಂಗಾಮಿ ಅಂದರೆ ಸ್ವಲ್ಪ ದಿನದ ಮಟ್ಟಿಗೆ. ಅವರು ಹೊಸ ಶಾಸಕರಿಗೆ ಪ್ರಮಾಣ ವಚನ ಮಾಡಿಸಿದರು.

ಎರಡನೆಯ ಕೆಲಸ: ಸಭಾಧ್ಯಕ್ಷರ ಆಯ್ಕೆ

ಹೊಸ ವಿಧಾನಸಭೆಯಲ್ಲಿ ಶಾಸಕರು ತಮ್ಮೊಳಗಿನ ಒಬ್ಬರನ್ನು ಸಭಾಧ್ಯಕ್ಷರೆಂದು ಆರಿಸುತ್ತಾರೆ. ಇವರಿಗೆ ಸ್ಪೀಕರ್ ಅಂತಲೂ ಅನ್ನುತ್ತಾರೆ. 2023ರ ಮೇ 24ರಂದು ಮಂಗಳೂರು ಕ್ಷೇತ್ರದ ಯು.ಟಿ. ಖಾದರ್ ಅವರನ್ನು ಅವಿರೋಧವಾಗಿ ಆರಿಸಿದರು.

ಸಭಾಧ್ಯಕ್ಷರ ಕೆಲಸ ಸಭೆ ನಡೆಸುವುದು. ಯಾರು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು ಎಂದು ಅವರು ಹೇಳುತ್ತಾರೆ. ನಮ್ಮ ಸ್ವಸಹಾಯ ಗುಂಪಿನ ಸಭೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿದರೆ ಏನಾಗುತ್ತದೆ? ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಲ್ಲಿಯೂ ಹಾಗೆಯೇ. ಅದಕ್ಕೆ ಸಭೆ ನಡೆಸುವವರು ಒಬ್ಬರು ಬೇಕು.

ಈ ಸ್ಥಾನದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ಅವರು ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. 1972ರಿಂದ 1978ರ ವರೆಗೆ ಅವರು ಸಭಾಧ್ಯಕ್ಷರಾಗಿದ್ದರು. ನಮ್ಮ ರಾಜ್ಯದ ವಿಧಾನಸಭೆಗೆ ಅವರೇ ಮೊದಲ ಮಹಿಳಾ ಸಭಾಧ್ಯಕ್ಷರು. ಮಂತ್ರಿಗಳೂ ಅವರ ಅಪ್ಪಣೆ ಕೇಳಿ ಮಾತಾಡಬೇಕಾಗಿತ್ತು.

ಮೂರನೆಯ ಕೆಲಸ: ರಾಜ್ಯಪಾಲರ ಭಾಷಣ

ಚುನಾವಣೆ ಆದ ಮೇಲೆ ಒಂದು ಸಲ, ಮತ್ತು ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ ಒಂದು ಸಲ ರಾಜ್ಯಪಾಲರು ಬಂದು ಭಾಷಣ ಮಾಡುತ್ತಾರೆ. ಎರಡೂ ಸಭೆಯವರು ಒಂದೇ ಕಡೆ ಕೂತು ಕೇಳುತ್ತಾರೆ. 2023ರಲ್ಲಿ ಜುಲೈ 3ರಂದು ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಅವರು ಈ ಭಾಷಣ ಮಾಡಿದರು.

ಈ ಭಾಷಣ ಸರಕಾರ ಬರೆದುಕೊಟ್ಟದ್ದು. ಸರಕಾರ ಏನು ಮಾಡಿದೆ, ಮುಂದೆ ಏನು ಮಾಡುತ್ತದೆ ಎಂದು ಅದರಲ್ಲಿ ಇರುತ್ತದೆ. ಭಾಷಣ ಆದ ಮೇಲೆ ಅದರ ಮೇಲೆ ಚರ್ಚೆ ನಡೆಯುತ್ತದೆ. ಆಗ ನಮ್ಮ ಶಾಸಕರು ಎದ್ದು ಹೇಳಬಹುದು: "ಭಾಷಣದಲ್ಲಿ ಎಲ್ಲ ಊರಿಗೂ ನೀರು ಎಂದು ಇದೆ. ನಮ್ಮ ಕ್ಷೇತ್ರದ ವಸ್ತಿಗಳಿಗೆ ಇನ್ನೂ ನೀರು ಬಂದಿಲ್ಲ."

ಆದರೆ ವಸ್ತಿಗೆ ನೀರು ಬಂದಿಲ್ಲ ಎಂದು ಶಾಸಕರಿಗೆ ಯಾರು ಹೇಳಬೇಕು? ನಾವೇ ಹೇಳಬೇಕು.

ನಾಲ್ಕನೆಯ ಕೆಲಸ: ಮುಂಗಡ ಪತ್ರ

ಮುಂಗಡ ಪತ್ರ ಅಂದರೆ ಬಜೆಟ್ಟು. ನಾವು ಮನೆಯಲ್ಲಿ ಲೆಕ್ಕ ಹಾಕುತ್ತೇವಲ್ಲ, ಜೋಳ ಮಾರಿದ್ದು ಇಷ್ಟು, ಕೂಲಿ ಇಷ್ಟು, ಸಾಲಿ ಖರ್ಚು ಇಷ್ಟು, ಔಷಧ ಇಷ್ಟು ಅಂತ. ಸರಕಾರವೂ ವರ್ಷದ ಲೆಕ್ಕ ಹಾಕಿ ಸಭೆಯ ಮುಂದೆ ಇಡುತ್ತದೆ. 2023ರ ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮುಂಗಡ ಪತ್ರ ಓದಿದರು. ಹಣಕಾಸು ಖಾತೆಯೂ ಅವರ ಕಡೆಗೇ ಇತ್ತು. ಆ ಮುಂಗಡ ಪತ್ರದ ಮೊತ್ತ 3 ಲಕ್ಷ 27 ಸಾವಿರ ಕೋಟಿ ರೂಪಾಯಿ ದಾಟಿತ್ತು.

ಇಲ್ಲಿ ಒಂದು ದೊಡ್ಡ ಮಾತು ಇದೆ. ಸಭೆ ಒಪ್ಪಿ ಕಾನೂನು ಮಾಡದೆ ಖಜಾನೆಯಿಂದ ಹಣ ತೆಗೆಯಲು ಬರುವುದಿಲ್ಲ. ಮುಖ್ಯಮಂತ್ರಿಗೂ ಬರುವುದಿಲ್ಲ.

ಗೃಹಲಕ್ಷ್ಮಿ ಯೋಜನೆ ನಿಮಗೆ ಗೊತ್ತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂದು ಅದು 2023ರ ಆಗಸ್ಟ್ 30ರಂದು ಶುರುವಾಯಿತು. ಅದಕ್ಕೆ ಬೇಕಾದ ಹಣವನ್ನು ಜುಲೈ ತಿಂಗಳ ಮುಂಗಡ ಪತ್ರದಲ್ಲಿ ಇಟ್ಟಿದ್ದರು. ಸಭೆ ಅದನ್ನು ಒಪ್ಪಿತು. ಆಮೇಲೆ ನಮ್ಮ ಪಾಸ್‌ಬುಕ್ಕಿಗೆ ಹಣ ಬಂತು.

ಆಗ ನಮ್ಮ ತಂಗಿ ಕೇಳಿದಳು: "ಹಾಂಗಾದ್ರ ನಮ್ಮ ನಳಕ್ಕೂ ಅಲ್ಲೇ ರೊಕ್ಕಾ ಇಡಬೇಕೇನ್ರಿ?"

ಹೌದು. ನೀರಿಗೆ, ಸಾಲಿಗೆ, ಆಸ್ಪತ್ರೆಗೆ, ರಸ್ತೆಗೆ ಸರಕಾರದ ಹಣ ಎಷ್ಟು ಎಂದು ಅಲ್ಲಿಯೇ ತೀರ್ಮಾನ ಆಗುತ್ತದೆ. ಒಂದೊಂದು ವಸ್ತಿಯ ಹೆಸರು ಅದರಲ್ಲಿ ಇರುವುದಿಲ್ಲ. ಇಲಾಖೆಗೆ ಇಷ್ಟು, ಯೋಜನೆಗೆ ಇಷ್ಟು ಎಂದು ಇರುತ್ತದೆ. ಆ ಯೋಜನೆಯಲ್ಲಿ ನಮ್ಮ ವಸ್ತಿ ಸೇರಬೇಕಾದರೆ ನಮ್ಮ ಹೆಸರು ಯಾರಾದರೂ ಹೇಳಬೇಕು. ಹೇಳುವ ದಾರಿ ಪ್ರಶ್ನೆ.

ಪ್ರಶ್ನೆ ಕೇಳುವುದು

ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆ ಎಂದು ಇರುತ್ತದೆ. ಆಗ ಶಾಸಕರು ಕೇಳುತ್ತಾರೆ. ಮಂತ್ರಿಗಳು ಉತ್ತರ ಹೇಳುತ್ತಾರೆ.

ಪ್ರಶ್ನೆಯಲ್ಲಿ ಎರಡು ಜಾತಿ. ಒಂದು ಚುಕ್ಕೆ ಗುರುತಿನ ಪ್ರಶ್ನೆ. ಇದಕ್ಕೆ ಮಂತ್ರಿ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಉತ್ತರ ಸರಿ ಇಲ್ಲದಿದ್ದರೆ ಶಾಸಕರು ಮರುಪ್ರಶ್ನೆ ಕೇಳಬಹುದು. ಇನ್ನೊಂದು ಚುಕ್ಕೆ ಗುರುತಿಲ್ಲದ ಪ್ರಶ್ನೆ. ಇದಕ್ಕೆ ಉತ್ತರವನ್ನು ಬರೆದು ಕೊಡುತ್ತಾರೆ.

ಉತ್ತರದ ಕಾಗದದಲ್ಲಿ ಎರಡು ಸಾಲು ಮನೆಗಳು ಇರುತ್ತವೆ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಗಳಿಗೆ ಅ, ಆ, ಇ ಎಂದು ಗುರುತು ಹಾಕಿರುತ್ತಾರೆ. ನಾವು ಪಾಟಿಯ ಮೇಲೆ ಮೊದಲು ತಿದ್ದಿದ ಅಕ್ಷರಗಳೇ ಅವು. ನಮ್ಮ ಊರಿನ ಬಗ್ಗೆ ಒಂದು ಪ್ರಶ್ನೆ ಹೋದರೆ ಅದು ಹೀಗೆ ಇರಬಹುದು:

ಅ. ಅರಕೇರಿ ಗ್ರಾಮದ ತೋಟದ ವಸ್ತಿಗಳಲ್ಲಿ ಕುಡಿಯುವ ನೀರಿನ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?

ಆ. ಬಂದಿದ್ದರೆ, ಸರ್ಕಾರ ಏನು ಕ್ರಮ ಕೈಗೊಂಡಿದೆ?

ಇ. ಯಾವ ಕಾಲಮಿತಿಯಲ್ಲಿ ನೀರು ಒದಗಿಸಲಾಗುವುದು?

ಬಲಗಡೆ ಸರಕಾರ "ಬಂದಿದೆ" ಎಂದು ಬರೆಯಬೇಕು, ಇಲ್ಲವೇ "ಬಂದಿಲ್ಲ" ಎಂದು ಬರೆಯಬೇಕು. "ಬಂದಿದೆ" ಎಂದು ಒಮ್ಮೆ ಬರೆದರೆ, ನಮಗೆ ಗೊತ್ತೇ ಇಲ್ಲ ಎಂದು ಆಮೇಲೆ ಹೇಳಲು ಬರುವುದಿಲ್ಲ. "ಬಂದಿಲ್ಲ" ಎಂದು ಬರೆದರೆ ನಾವು ನಮ್ಮ ಅರ್ಜಿಯ ಪ್ರತಿ ತೋರಿಸಬಹುದು.

ಪ್ರಶ್ನೆ ಮಾತ್ರವಲ್ಲ, ಸಭೆಯಲ್ಲಿ ನಡೆದ ಮಾತುಗಳನ್ನೂ ಬರೆದು ಇಡುತ್ತಾರೆ. ಬಾಯಿ ಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ.

ತುರ್ತು ವಿಷಯ ಇದ್ದರೆ ಬೇರೆ ದಾರಿಗಳೂ ಇವೆ. ಗಮನ ಸೆಳೆಯುವ ಸೂಚನೆ ಎಂದು ಒಂದು ಇದೆ. ಶೂನ್ಯ ವೇಳೆ ಎಂದು ಒಂದು ಇದೆ. ವಿಧಾನಸಭೆಯಲ್ಲಿ ಅರ್ಜಿಗಳ ಸಮಿತಿ ಎಂದೂ ಒಂದು ಸಮಿತಿ ಇದೆ.

ಆದರೆ ಒಂದು ಮಾತು ನೆನಪಿರಲಿ. ಪ್ರಶ್ನೆಯನ್ನು ಶಾಸಕರು ಅದೇ ದಿನ ಎದ್ದು ಕೇಳಲು ಬರುವುದಿಲ್ಲ. ಸುಮಾರು ಹದಿನೈದು ದಿನ ಮೊದಲೇ ಬರೆದು ಕೊಡಬೇಕು. ಮಂತ್ರಿಗಳು ಇಲಾಖೆಯಿಂದ, ಜಿಲ್ಲೆಯಿಂದ ಮಾಹಿತಿ ತರಿಸಬೇಕಲ್ಲ, ಅದಕ್ಕೆ. ಆದ್ದರಿಂದ ನಮ್ಮ ಅರ್ಜಿ ಶಾಸಕರ ಕೈಗೆ ಅದಕ್ಕಿಂತಲೂ ಮೊದಲು ಮುಟ್ಟಬೇಕು. ಅಧಿವೇಶನ ಶುರುವಾಯಿತು ಎಂದು ಟಿ.ವಿ.ಯಲ್ಲಿ ನೋಡಿ ಅರ್ಜಿ ಬರೆದರೆ, ಜಾತ್ರೆ ಮುಗಿದ ಮೇಲೆ ಕಾಯಿ ಒಯ್ದಂತೆ.

ನಮ್ಮ ಶಾಸಕರು ಮಂತ್ರಿಯಾಗಿದ್ದರೆ?

ಕೆಲವು ಶಾಸಕರು ಮಂತ್ರಿಗಳಾಗುತ್ತಾರೆ. 2023ರಲ್ಲಿ ಬಬಲೇಶ್ವರ ಕ್ಷೇತ್ರದಿಂದ ಗೆದ್ದ ಎಂ.ಬಿ. ಪಾಟೀಲರು ಮಂತ್ರಿಯಾದರು. ಮಂತ್ರಿಯಾದವರು ಸಭೆಯಲ್ಲಿ ಪ್ರಶ್ನೆ ಕೇಳುವುದಿಲ್ಲ. ಅವರು ಉತ್ತರ ಕೊಡುವ ಸಾಲಿನಲ್ಲಿ ಕೂತಿರುತ್ತಾರೆ.

ಹಾಗಾದರೆ ಆ ಕ್ಷೇತ್ರದ ಜನ ಏನು ಮಾಡಬೇಕು? ಅರ್ಜಿ ಅವರಿಗೇ ಕೊಡಬೇಕು. ಅವರು ಸರಕಾರದಲ್ಲಿಯೇ ಇರುವುದರಿಂದ ಸಂಬಂಧಪಟ್ಟ ಇಲಾಖೆಗೆ ಹೇಳಬಹುದು. ಸಭೆಯಲ್ಲಿ ಪ್ರಶ್ನೆಯೇ ಆಗಬೇಕು ಎಂದರೆ ವಿಧಾನ ಪರಿಷತ್ತಿನ ಸದಸ್ಯರಿಗೂ ಒಂದು ಪ್ರತಿ ಕೊಡಬಹುದು. ಅವರೂ ತಮ್ಮ ಸಭೆಯಲ್ಲಿ ಪ್ರಶ್ನೆ ಕೇಳಬಹುದು.

ಕಾನೂನು ಮಾಡುವುದು

ಶಾಸಕರ ಮುಖ್ಯ ಕೆಲಸ ಕಾನೂನು ಮಾಡುವುದು ಎಂದು ಮೊದಲೇ ಹೇಳಿದೆವು. ಕಾನೂನಿನ ಕರಡಿಗೆ ಮಸೂದೆ ಎಂದು ಹೆಸರು. ಮಸೂದೆಯನ್ನು ಸಭೆಯಲ್ಲಿ ಇಡುತ್ತಾರೆ. ಚರ್ಚೆ ಮಾಡುತ್ತಾರೆ. ಹೌದು ಅನ್ನುವವರು ಹೆಚ್ಚು ಇದ್ದರೆ ಅದು ಪಾಸಾಗುತ್ತದೆ. ಎರಡೂ ಸಭೆ ದಾಟಿ, ರಾಜ್ಯಪಾಲರ ಸಹಿ ಬಿದ್ದ ಮೇಲೆ ಅದು ಕಾನೂನು ಆಗುತ್ತದೆ.

ಸಭೆ ನಡೆಯಬೇಕಾದರೆ ಒಟ್ಟು ಸದಸ್ಯರಲ್ಲಿ ಹತ್ತರಲ್ಲಿ ಒಂದು ಪಾಲಾದರೂ ಹಾಜರಿರಬೇಕು. ಅಪ್ಪಣೆ ಇಲ್ಲದೆ 60 ದಿನ ಸಭೆಗೆ ಬಾರದ ಶಾಸಕರ ಸ್ಥಾನ ಖಾಲಿ ಎಂದು ಸಭೆ ಹೇಳಬಹುದು. ಸಾಲಿಯಲ್ಲಿ ಮಕ್ಕಳ ಹಾಜರಿ ಕೇಳುತ್ತೇವೆ. ಹಾಗೆಯೇ ನಮ್ಮ ಶಾಸಕರು ಸಭೆಗೆ ಹೋದರೇ, ಏನು ಕೇಳಿದರು ಎಂದು ಕೇಳುವುದು ನಮ್ಮ ಹಕ್ಕು.

ಅಲ್ಲಿ ಹೆಣ್ಣುಮಕ್ಕಳು ಎಷ್ಟು?

ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ವಿಧಾನಸಭೆಯಲ್ಲಿ 2023ರ ಚುನಾವಣೆಯಲ್ಲಿ ಗೆದ್ದ ಹೆಣ್ಣುಮಕ್ಕಳು 10 ಜನ. 224ರಲ್ಲಿ 10.

ನಮ್ಮ ಜಿಲ್ಲೆಯಿಂದ ಹೆಣ್ಣುಮಕ್ಕಳು ಹೋಗಿಯೇ ಇಲ್ಲ ಎಂದಲ್ಲ. 1994ರಲ್ಲಿ ಮುದ್ದೇಬಿಹಾಳ ಕ್ಷೇತ್ರದಿಂದ ವಿಮಲಾಬಾಯಿ ದೇಶಮುಖ ಅವರು ಗೆದ್ದಿದ್ದರು.

2023ರಲ್ಲಿ ಸಂವಿಧಾನಕ್ಕೆ 106ನೇ ತಿದ್ದುಪಡಿ ಆಯಿತು. ಲೋಕಸಭೆಯಲ್ಲಿ ಮತ್ತು ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಪಾಲು ಸ್ಥಾನ ಹೆಣ್ಣುಮಕ್ಕಳಿಗೆ ಎಂದು ಅದರಲ್ಲಿ ಹೇಳಿದೆ. ಜನಗಣತಿ ಆಗಿ, ಕ್ಷೇತ್ರಗಳನ್ನು ಮತ್ತೆ ಭಾಗ ಮಾಡಿದ ಮೇಲೆ ಅದು ಜಾರಿಗೆ ಬರುತ್ತದೆ ಎಂದೂ ಬರೆದಿದೆ. ನೀರಿನ ಕೊಡ ಹೊರುವುದು ನಾವು. ಆ ಸಭೆಯಲ್ಲಿ ನೀರಿನ ಮಾತು ಬಂದಾಗ ಕೊಡ ಹೊತ್ತವರೂ ಅಲ್ಲಿ ಇರಬೇಕು.

ನಾವು ಅರ್ಜಿ ಬರೆದೆವು

ಇಷ್ಟು ತಿಳಿದ ಮೇಲೆ ನಾವು ಅರ್ಜಿ ಬರೆಯಲು ಕೂತೆವು. ನಾಲ್ಕು ಸಂಜೆ ಬೇಕಾಯಿತು. ಮೊದಲ ಸಂಜೆ ಎಲ್ಲರೂ ಎಲ್ಲ ತೊಂದರೆ ಹೇಳಿದರು. ರಸ್ತೆ, ದೀಪ, ಬಸ್ಸು, ನೀರು. ಆಯಿ ಅಂದಳು: "ಒಂದು ಕಾಗದಕ್ಕ ಒಂದ ಮಾತು ಇರಲಿ. ಹತ್ತು ಬರದ್ರ ಒಂದೂ ಆಗೂದಿಲ್ಲ." ಅದು ಖರೆ ಅನಿಸಿತು. ನೀರು ಒಂದನ್ನೇ ಹಿಡಿದೆವು.

ಅರ್ಜಿ ಹೀಗೆ ಇತ್ತು:

"ಮಾನ್ಯ ಶಾಸಕರಿಗೆ,

ವಿಷಯ: ಅರಕೇರಿಯ ತೋಟದ ವಸ್ತಿಗೆ ಕುಡಿಯುವ ನೀರಿನ ನಳ ಕೊಡಿಸುವ ಬಗ್ಗೆ.

ನಾವು ಅರಕೇರಿಯ ತೋಟದ ವಸ್ತಿಯಲ್ಲಿ ಇರುವ ಹೆಣ್ಣುಮಕ್ಕಳು. ನಮ್ಮ ವಸ್ತಿಗೆ ನಳ ಇಲ್ಲ. ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ನೀರಿಗೆ ಬಹಳ ದೂರ ನಡೆಯುತ್ತೇವೆ. ಹೆಣ್ಣುಹುಡುಗಿಯರು ನೀರು ತರಲು ಸಾಲಿ ಬಿಡುತ್ತಾರೆ. ಮುಂದಿನ ಅಧಿವೇಶನದಲ್ಲಿ ತಾವು ಈ ಬಗ್ಗೆ ಪ್ರಶ್ನೆ ಕೇಳಬೇಕು. ಸರಕಾರ ಕೊಟ್ಟ ಉತ್ತರವನ್ನು ನಮಗೆ ತಿಳಿಸಬೇಕು."

ಬರೆದ ಮೇಲೆ ಅರ್ಜಿಯನ್ನು ಎಲ್ಲರ ಮುಂದೆ ಮೂರು ಸಲ ಓದಿದೆವು. ಓದಿ ತಿಳಿದ ಮೇಲೆಯೇ ಸಹಿ ಮಾಡಬೇಕು ಎಂದು ನೇಮ ಮಾಡಿದೆವು. ಆಯಿ ತನ್ನ ಹೆಸರು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಒಂದು ಕೊಂಬು ತಪ್ಪಿತು. ಅಳಿಸಿ ಮತ್ತೆ ಬರೆದಳು. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಆ ದಿನ ಯಾರೂ ತೆರೆಯಲಿಲ್ಲ.

ಮೂರು ಪ್ರತಿ ಮಾಡಿದೆವು. ಒಂದು ಶಾಸಕರ ಕಚೇರಿಗೆ. ಒಂದು ಗ್ರಾಮ ಪಂಚಾಯಿತಿಗೆ. ಒಂದು ನಮ್ಮ ಹತ್ತಿರ. ನಮ್ಮ ಪ್ರತಿಯ ಮೇಲೆ ಶಿಕ್ಕಾ ಹಾಕಿಸಿದೆವು. ತಾರೀಖು, ನಂಬರು ಬರೆಸಿದೆವು. ಶಿಕ್ಕಾ ಇಲ್ಲದ ಪ್ರತಿ ಇದ್ದೂ ಇಲ್ಲದಂತೆ.

ಕೆಲವು ತಿಂಗಳ ಮೇಲೆ ಒಂದು ಕಾಗದ ಬಂತು. ವಸ್ತಿಯ ನೀರಿನ ಬಗ್ಗೆ ಪರಿಶೀಲನೆ ಮಾಡಿ ವರದಿ ಕೊಡಬೇಕು ಎಂದು ಮೇಲಿನ ಕಚೇರಿಯವರು ಕೆಳಗಿನ ಕಚೇರಿಗೆ ಬರೆದಿದ್ದರು. ನಮಗೆ ಅದರ ಪ್ರತಿ ಕಳಿಸಿದ್ದರು. ಕಾಗದವನ್ನು ಆಯಿಯ ಕೈಗೆ ಕೊಟ್ಟೆವು. ಆಕೆ ಬೆರಳು ಇಟ್ಟು ಒಂದೊಂದೇ ಅಕ್ಷರ ಓದುತ್ತ ಹೋದಳು. ನಡುವೆ ಒಂದು ಕಡೆ ಬೆರಳು ನಿಂತಿತು.

"ಐತಿ ನೋಡ್ರೆವಾ. ನೀರು ಅಂತ ಬರದೈತಿ" ಅಂದಳು.

ನಳ ಇನ್ನೂ ಬಂದಿಲ್ಲ. ಪರಿಶೀಲನೆ ಎಂದು ಬರೆದ ತಾರೀಖು ನಮ್ಮ ಹತ್ತಿರ ಇದೆ. ಮುಂದಿನ ಅಧಿವೇಶನ ಯಾವಾಗ ಎಂದು ಪತ್ರಿಕೆ ನೋಡುತ್ತಿದ್ದೇವೆ. ಅದಕ್ಕೆ ಮೊದಲು ಎರಡನೆಯ ಅರ್ಜಿ ಕೊಡುತ್ತೇವೆ. ಅದರಲ್ಲಿ ಮೊದಲನೆಯ ಅರ್ಜಿಯ ನಂಬರು ಬರೆಯುತ್ತೇವೆ. ಕಾಗದ ಬರೆಯಲು ಈ ಸಲ ನಾಲ್ಕು ಸಂಜೆ ಬೇಕಾಗಲಿಕ್ಕಿಲ್ಲ.

ನೆನಪಿಡಿರಿ

1. ಓದದೆ, ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿರಿ. ಹೆಬ್ಬೆಟ್ಟು ಒತ್ತಬೇಡಿರಿ.

2. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ.

3. ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಅರ್ಜಿ ಕೊಡಿರಿ.

4. ಒಂದು ಪ್ರತಿ ನಿಮ್ಮ ಹತ್ತಿರ ಇಡಿರಿ. ಶಿಕ್ಕಾ, ತಾರೀಖು, ನಂಬರು ಹಾಕಿಸಿರಿ.

ಕೂಡಿ ಮಾತಾಡೋಣ

1. ನಿಮ್ಮ ಕ್ಷೇತ್ರದ ಹೆಸರು ಏನು? ನಿಮ್ಮ ಶಾಸಕರು ಯಾರು?

2. ಎರಡು ಅಧಿವೇಶನಗಳ ನಡುವೆ ಎಷ್ಟು ತಿಂಗಳು ಆಗಬಾರದು?

3. ಪ್ರಶ್ನೆಯ ಉತ್ತರ ಬರವಣಿಗೆಯಲ್ಲಿ ಇದ್ದರೆ ನಮಗೆ ಏನು ಲಾಭ?

4. ನಿಮ್ಮ ಓಣಿಯ ಒಂದು ತೊಂದರೆ ಆರಿಸಿಕೊಳ್ಳಿರಿ. ಅದರ ಬಗ್ಗೆ ಐದು ಸಾಲಿನ ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ನೀವೇ ಬರೆಯಿರಿ.